ಸದ್ದಿಗೆ ಹೇಸುತ್ತಿದ್ದ ಮೇಷ್ಟ್ರು

ಕೆಟ್ಟ ಸದ್ದು ಕಿವಿಗೆ ಬಿದ್ದೊಡನೆ ಮೇಷ್ಟ್ರ ಮೇಲ್ತುಟಿ ಎಡಕ್ಕೆ ಸೊಟ್ಟಗಾಗಿ, ಮೂಗಿನ ಹೊಳ್ಳೆಗಳು ಅಗಲವಾಗುತ್ತಿದ್ದವು. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಹಿಂದಿನ ಗುಂಡಿಯಲ್ಲಿ ಕೊಳೆಯುವ ಸಿಪ್ಪೆಯ ನಾತ ಬಡಿದವರ ಮುಖ ಹೇಗಾಗುತ್ತದೋ, ಹಾಗೆ. "ಹೇಸಿಗೆ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಅವರ ಬಾಯಲ್ಲಿ ನಾನು ಕೇಳಿಲ್ಲ.

ಹೈಸ್ಕೂಲೊಂದರಲ್ಲಿ ಲ್ಯಾಬ್ ಅಟೆಂಡರ್ ಆಗಿ ನಿವೃತ್ತರಾದವರು. ಪಾಠ ಮಾಡಿದವರಲ್ಲದಿದ್ದರೂ ಊರಿಗೆಲ್ಲ ಮೇಷ್ಟ್ರು. ಗೋಣಿಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಆಂಪ್ಲಿಫೈಯರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಯಾರಾದರೂ ಹೋಮ್ ಥಿಯೇಟರ್ ಹೊಂದಿಸಿಕೊಡಲು ಕರೆದರೆ ಬಸ್ಸು ಹತ್ತಿ ಹೋಗುತ್ತಿದ್ದರು.

ಅವರು ನಮ್ಮ ಮನೆಗೆ ಮೊದಲು ಬಂದಾಗ, ನಮ್ಮತ್ತೆಗೆ ಬುದ್ಧಿ ಮಸುಕಾಗಿದೆ ಎಂದು ನಾವೆಲ್ಲ ತೀರ್ಮಾನಿಸಿ ಒಂದು ವರ್ಷವಾಗಿತ್ತು. ನಾವು ಕೇಳುತ್ತಿದ್ದುದೊಂದು, ಅತ್ತೆ ಹೇಳುತ್ತಿದ್ದುದು ಇನ್ನೊಂದು. ಬರಬರುತ್ತಾ ಅವರ ಎದುರೇ, ಅವರು ಅಲ್ಲಿಲ್ಲವೆಂಬಂತೆ, ಅವರ ಬಗ್ಗೆ ಮಾತಾಡುವುದು ನಮಗೆ ರೂಢಿಯಾಗಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೊಸದಾಗಿ ತಂದ ಐದು ಸ್ಪೀಕರುಗಳನ್ನು ಜೋಡಿಸಿದ ಮೇಲೆ ಮೇಷ್ಟ್ರು ಕೇಳಿದರು: "ಹೆಚ್ಚು ಹೊತ್ತು ಕೂತು ನೋಡೋರು ಯಾರಮ್ಮ?"

ಅತ್ತೆಯ ಕುರ್ಚಿ ತೋರಿಸಿದೆ. ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟದಿಂದ ಒಂದೊಂದು ಸ್ಪೀಕರಿಗೂ ಟೇಪು ಹಿಡಿದು ಅಳೆದು, ಆ ದೂರವನ್ನು ಆಂಪ್ಲಿಫೈಯರಿಗೆ ತುಂಬಿಸಿದರು. ಯಾಕೆಂದು ಕೇಳಿದೆ.

"ಹತ್ತಿರದ ಸ್ಪೀಕರಿನ ಸದ್ದು ಮೊದ್ಲು ಬರುತ್ತೆ, ದೂರದ್ದು ಆಮೇಲೆ. ಭಜನೇಲಿ ಹಿಂದೆ ಕೂತೋರ ತಾಳ ಹಿಂದೆ ಬಿದ್ರೆ ಹೇಗಿರುತ್ತೆ? ಹೇಸಿಗೆ. ಅದ್ಕೇ ಹತ್ತಿರದ್ದನ್ನ ಒಂಚೂರು ತಡೆದು ಬಿಡೋದು. ಎಲ್ಲ ಒಟ್ಟಿಗೆ ಬಂದು ಕಿವಿ ಮುಟ್ಟಬೇಕು."

ಆಮೇಲೆ ಎಲ್ಲ ಸ್ಪೀಕರುಗಳ ಮಟ್ಟ ಸಮ ಮಾಡಲು, ಕುಕ್ಕರಿನ ಉಗಿಯಂಥ ಸದ್ದನ್ನು ಒಂದೊಂದರಲ್ಲೇ ಬಿಟ್ಟರು. ಸದ್ದು ಬಂದ ಕಡೆಗೆ ಕೈ ತೋರಿಸುವಂತೆ ಅತ್ತೆಗೆ ಸನ್ನೆ ಮಾಡಿದರು. ಎಡಗಡೆಯ ಸ್ಪೀಕರಿನ ಸರದಿ ಬಂದಾಗಲೂ ಅತ್ತೆ ಬಲಕ್ಕೇ ಕೈ ತೋರಿಸಿದರು. ಇನ್ನೊಮ್ಮೆ ಬಿಟ್ಟರೂ ಬಲಕ್ಕೇ.

ಮೇಷ್ಟ್ರು ಹೋಗಿ ಅತ್ತೆಯ ಬಲಗಡೆ ಕೂತು, ನಿಧಾನವಾಗಿ ಕೇಳಿದರು: "ಬೆಳಿಗ್ಗೆ ಏನ್ ತಿಂಡಿ ಅಮ್ಮ?"

"ಕಡುಬು. ಉಪ್ಪು ಜಾಸ್ತಿ ಆಗಿತ್ತು" ಎಂದರು ಅತ್ತೆ.

ಕಡುಬು ಮಾಡಿದವಳು ನಾನೇ. ಉಪ್ಪು ಜಾಸ್ತಿಯಾಗಿದ್ದುದೂ ನಿಜ.

"ಬುದ್ಧಿ ಸರಿಯಾಗೇ ಇದೆ. ಎಡಗಿವಿ ಪೂರ್ತಿ ಹೋದಂಗಿದೆ, ಬಲದ್ದು ಮಂದ. ಡಾಕ್ಟ್ರಿಗೆ ತೋರ್ಸಿ" ಎಂದು ಮೇಷ್ಟ್ರು ಅತ್ತೆಯ ಬಲಗಿವಿ ಟೀವಿಯ ಕಡೆಗಾಗುವಂತೆ ಕುರ್ಚಿ ತಿರುಗಿಸಿದರು. ಮಾತು ಕೇಳಿಸುವ ನಡುವಿನ ಸ್ಪೀಕರಿನ ಮಟ್ಟ ಏರಿಸಿ ಮತ್ತೆ ಎಲ್ಲ ಅಳೆದರು. ಆ ಸಂಜೆ ಅತ್ತೆ ಧಾರಾವಾಹಿ ನೋಡುತ್ತಾ ನಗಬೇಕಾದಲ್ಲೇ ನಕ್ಕರು.

ಇಂಥವರನ್ನು ಹೋಮ್ ಥಿಯೇಟರ್ ಹೊಂದಿಸಲು ವಸ್ತಾರೆಯ ಭಾವನ ಬಂಗಲೆಗೆ ಕಳಿಸಿದವಳೂ ನಾನೇ. ಭಾವ ಎಂದರೆ ನನ್ನ ಗಂಡನ ಅಣ್ಣ, ಅತ್ತೆಯ ಹಿರಿಮಗ. "ಅಮ್ಮಾವ್ರು ಇಲ್ಲಿಗೆ ಬಂದ್ರೆ ಎಲ್ಲಿ ಕೂರ್ತಾರೆ?" ಎಂದು ಮೇಷ್ಟ್ರು ಅಲ್ಲಿ ಕೇಳಿದರಂತೆ. "ಅವ್ರಿಗೆ ಏನ್ ತಿಳಿಯುತ್ತೆ, ಬಿಡಿ ಮಾರಾಯ್ರೆ. ನನ್ ಸೋಫಾಕ್ಕೆ ಹೊಂದ್ಸಿ" ಎಂದರಂತೆ ಭಾವ.

ಎರಡು ದಿನ ಕೂತು ಹೊಂದಿಸಿದರು. ಮೂರನೆಯ ದಿನ ಭಾವ ನೆಂಟರನ್ನೆಲ್ಲ ಊಟಕ್ಕೆ ಕರೆದಿದ್ದರು. ನಾವು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆವು. ನಮಗೆಲ್ಲ ಒಳಗೆ ಮೇಜಿನ ಮೇಲೆ ಊಟ, ಮೇಷ್ಟ್ರಿಗೆ ಹಿಂದಿನ ಜಗಲಿಯಲ್ಲಿ ಒಂದು ತಟ್ಟೆ. ನೋಡಿಯೂ ಸುಮ್ಮನಿದ್ದೆ.

ಊಟದ ಮೇಲೆ ಹಾಲ್‌ನಲ್ಲಿ ಸಿನಿಮಾ ಹಾಕಿದರು. ಒಣ ಎಲೆಯ ಮೇಲೆ ಯಾರೋ ಕಾಲಿಟ್ಟ ಸದ್ದು ಎಷ್ಟು ನಿಜವಾಗಿ ಬಂತೆಂದರೆ ನಾನು ಹಿಂತಿರುಗಿ ನೋಡಿದೆ. ಭಾವನಿಗೆ ಅದು ಹಿಡಿಸಲಿಲ್ಲ. "ಏನ್ ಮೇಷ್ಟ್ರೆ, ಗುಡುಗೇ ಇಲ್ವಲ್ಲ" ಎನ್ನುತ್ತಾ ರಿಮೋಟ್ ಹಿಡಿದು ಬೇಸ್ ಪೂರ್ತಿ ಏರಿಸಿದರು. ಕಿಟಕಿಯ ಗಾಜು ನಡುಗಿತು. ಶೋಕೇಸಿನ ಲೋಟಗಳು ಕಟಕಟ ಎಂದವು. ಬಾಗಿಲ ಹತ್ತಿರ ನಿಂತಿದ್ದ ಮೇಷ್ಟ್ರ ತುಟಿ ಸೊಟ್ಟಗಾಯಿತು.

"ಹೇಸಿಗೆ" ಎಂದರು.

"ನಮ್ಮಮ್ಮನ ಕಿವಿಯ ಗತಿ ಮೇಷ್ಟ್ರಿಗೂ ಬಂತು ನೋಡಿ" ಎಂದರು ಭಾವ. ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಅತ್ತೆಯ ಪಕ್ಕದಲ್ಲೇ ಕೂತಿದ್ದ ನಾನೂ ನಕ್ಕೆ. ಹತ್ತು ಜನ ನಗುವಾಗ ಮುಖ ಗಂಟಿಕ್ಕಿಕೊಂಡು ಕೂರಲಾರದೆ ನಕ್ಕ ನಗು ಅದು. ಅದಕ್ಕಿಂತ ಕೊಳಕಾದ ಸದ್ದು ನನ್ನ ಗಂಟಲಿಂದ ಇನ್ಯಾವತ್ತೂ ಹೊರಟಿಲ್ಲ. ಮೇಷ್ಟ್ರು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ವಾರ ಕಳೆದು ಅವರ ಅಂಗಡಿಗೆ ಹೋದೆ. "ಭಾವ ಹಾಗೆ ಮಾತಾಡಬಾರ್ದಿತ್ತು ಮೇಷ್ಟ್ರೆ" ಎಂದೆ.

ಬೆಸುಗೆಯ ಕೆಲಸದಿಂದ ಅವರು ಕಣ್ಣೆತ್ತಲಿಲ್ಲ. "ನೀವು ನಕ್ಕಿದ್ದೂ ಕೇಳಿಸ್ತು ಕಣಮ್ಮ. ಹಿಂದೆ, ಬಲಗಡೆಯಿಂದ."

"ತಪ್ಪಾಯ್ತು" ಎಂದೆ.

ಬೆಸುಗೆ ಮುಗಿಸಿ ಅವರೇ ಕೇಳಿದರು: "ಅಮ್ಮಾವ್ರ ಬಲಗಿವಿ ಈಗ ಹೇಗಿದೆ?"

ಆಮೇಲೂ ಆರೇಳು ತಿಂಗಳಿಗೊಮ್ಮೆ ಬರುತ್ತಿದ್ದರು. ಅತ್ತೆಯ ಬಲಗಿವಿ ಮಂದವಾದಷ್ಟೂ ನಡುವಿನ ಸ್ಪೀಕರಿನ ಸದ್ದನ್ನು ಒಂದೊಂದೇ ಮೆಟ್ಟಿಲು ಏರಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಆ ದಿನದ ಮಾತು ಮತ್ತೆ ಎತ್ತಲಿಲ್ಲ.

ಹೋದ ವರ್ಷ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅವರನ್ನು ಮಣ್ಣು ಮಾಡಿ ಬಂದ ದಿನ ಭಾವ ನಮ್ಮ ಮನೆಯಲ್ಲಿದ್ದರು.

"ಒಳ್ಳೆ ಮನುಷ್ಯ, ಪಾಪ. ಸೌಂಡ್ ವಿಚಾರ ಮಾತ್ರ ಏನೂ ಗೊತ್ತಿರ್ಲಿಲ್ಲ" ಎಂದರು.

"ಅವ್ರಿಗೆ ಗೊತ್ತಿದ್ದಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲ ಭಾವ" ಎಂದೆ.

ಹೇಳಿದೆನೆಂಬ ಸಮಾಧಾನ ನನಗೆ ಆಗಲಿಲ್ಲ. ಆ ಮಾತು ಹೇಳಬೇಕಾಗಿದ್ದ ದಿನ ಮೇಷ್ಟ್ರು ಭಾವನ ಹಾಲ್‌ನಲ್ಲಿ, ಬಾಗಿಲ ಹತ್ತಿರ ನಿಂತಿದ್ದರು.