ಕೊಟ್ಟಾರ

ಶಿವದೇವಿಯನ್ನು ನೋಡಿ "ಪಾಪ" ಅನ್ನುವ ಗಿರಾಕಿಗಳು ನನಗೆ ಬೇಡ. ಸುಲ್ತಾನ್ ಬಜಾರಿನ ಈ ಸಂದಿಯಲ್ಲಿ ಸೀರೆಗೆ ಫಾಲ್ ಹಚ್ಚುವ ಅಂಗಡಿಗಳಿಗೇನು ಬರವಿಲ್ಲ, ಅಂಥವರು ಬೇರೆ ಕಡೆ ಹೋಗಲಿ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಅವಸರ ಮಾಡುವ ಗಿರಾಕಿಯನ್ನು ಕಣ್ಣಲ್ಲೇ ಸುಮ್ಮನಿರಿಸುವ ಈ ಹೆಂಗಸು ಪಾಪದವಳಲ್ಲ. ಆಕೆಯ ಕಥೆ ಕೇಳಿ ಯಾರಿಗಾದರೂ ಕರುಣೆ ಬಂದರೆ ಬರಲಿ. ನನಗೆ ಬರುವುದು ಸಿಟ್ಟು. ಇಷ್ಟು ದಿನವಾದರೂ ಅದು ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಶಿವದೇವಿ ಲಿಂಗಸುಗೂರು ಕಡೆಯವಳು. ಮದುವೆಯಾಗಿ ಹೈದರಾಬಾದಿಗೆ ಬಂದಳು. ಗಂಡ ಅಮರೇಶಪ್ಪ ಬಾಲಾನಗರದ ಸಣ್ಣ ವರ್ಕ್‌ಶಾಪೊಂದರಲ್ಲಿ ಲೇಥ್ ನಡೆಸುತ್ತಿದ್ದ. ಅಲ್ಲಿಯ ಫೋರ್ಮನ್ ರಾಮದಾಸ. ಕಬ್ಬಿಣ ಕೊರೆಯುತ್ತಿದ್ದ ಆ ಮನುಷ್ಯನಿಗೆ ಒಂದು ದಿನ ಕನಸು ಬಿತ್ತಂತೆ: ದೀಪ ಒಂದೇ, ಬತ್ತಿ ಅನೇಕ. ದೀಪ ಎಂದರೆ ರಾಮದಾಸ, ಬತ್ತಿಗಳೆಂದರೆ ಅವನ ಹೆಂಡಂದಿರು. ಕೆಲವರ ಕನಸಿನಲ್ಲಿ ದೇವರು ಎಷ್ಟು ಅನುಕೂಲ ನೋಡಿಕೊಂಡು ಬರುತ್ತಾನೆ! ಕುಷಾಯಿಗೂಡದಲ್ಲಿ ಎತ್ತರದ ಕಾಂಪೌಂಡಿನ ಮನೆಯೊಂದು 'ದೀಪದ ಮನೆ' ಆಯಿತು. ರಾಯಚೂರು, ಕಲಬುರಗಿ, ಬೀದರ ಕಡೆಯಿಂದ ಬಂದು ಈ ಊರಿನಲ್ಲಿ ನೆಂಟರಿಲ್ಲದೆ ಒದ್ದಾಡುತ್ತಿದ್ದ ಸಂಸಾರಗಳು ಒಂದೊಂದಾಗಿ ಗಂಟುಮೂಟೆ ಸಮೇತ ಒಳಗೆ ಹೋದವು, ಅಮರೇಶಪ್ಪನದೂ ಹೋಯಿತು. ನಮ್ಮ ಮಾತಿನಲ್ಲಿ ಒಬ್ಬರಿಗೆ ಬತ್ತಿ ಇಡುವುದು ಅಂದರೇನೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಅವನು ಬಾಯಿಬಿಟ್ಟು ಹೇಳಿಯೇ ಇಟ್ಟ.

ಆ ಮನೆಯಲ್ಲಿ ಮದುವೆ ಎಂಬ ಪದವನ್ನು ಯಾರೂ ಆಡುತ್ತಿರಲಿಲ್ಲ. ಅಲ್ಲಿ ಇದ್ದದ್ದು 'ಕೊಡುವುದು'. ಭಕ್ತನಾದವನು ತನಗೆ ಪ್ರಿಯವಾದದ್ದನ್ನು ದೀಪಕ್ಕೆ ಕೊಡಬೇಕು. ಅಕ್ಕ ತಂಗಿಯರನ್ನು ಕೊಟ್ಟವರಿದ್ದರು. ಅಮರೇಶಪ್ಪ ಅವರನ್ನೆಲ್ಲ ಮೀರಿಸಿದ. ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತಲೇ ಹೆಂಡತಿಗೆ ಹೇಳಿದ, "ನಿನ್ನ ದೀಪಕ್ಕ ಕೊಟ್ಟೀನಿ."

"ಏನಂದ್ರಿ?"

"ಕೊಟ್ಟೀನಿ ಅಂದ್ನಿ. ನಾಳಿಂದ ನೀ ನಾಕನೇ ಬತ್ತಿ."

"ಕೊಡಾಕ ನಾ ಏನು ನಿಮ್ಮ ಊಟದ ಡಬ್ಬಿ ಏನ್ರಿ?"

ತಟ್ಟೆ ಹಾರಿ ಬಂದು ಆಕೆಯ ಹುಬ್ಬಿಗೆ ಬಡಿಯಿತು. ಆ ಗುರುತು ಈಗಲೂ ಇದೆ. ಆಗ ಮಗಳು ಐಶ್ವರ್ಯಾ ಇನ್ನೂ ಸೆರಗು ಹಿಡಿದು ತಿರುಗುವ ಕೂಸು. ಗೇಟಿಗೆ ಬೀಗ, ಬೀಗದ ಪಕ್ಕದಲ್ಲಿ ರಾಮದಾಸನ ಆಳುಗಳು. ತವರಿನವರಿಗೆ ಸುದ್ದಿ ಮುಟ್ಟಿದರೆ, "ಗಂಡ ಹೇಳಿದಂಗ ಇರು" ಎಂದು ಉತ್ತರ ಬಂತು. ಶಿವದೇವಿ ನಾಲ್ಕನೆಯ ಬತ್ತಿಯಾದಳು. ಆದಳು ಎನ್ನುವುದೂ ತಪ್ಪು, ಮಾಡಿದರು.

ಎದುರಾಡಿದ ಹೆಂಗಸಿಗೆ ರಾಮದಾಸ ಲೇಥ್ ಯಂತ್ರದ ಹಳೆಯ ರಬ್ಬರ್ ಬೆಲ್ಟಿನಿಂದ ಹೊಡೆಯುತ್ತಿದ್ದ. ಹೊಡೆಯುವಾಗ ಉಳಿದವರೆಲ್ಲ ತಾಳ ಹಿಡಿದು ಜೋರಾಗಿ ಭಜನೆ ಮಾಡಬೇಕು, ಅದು ಅಲ್ಲಿಯ ನಿಯಮ. ಬೀದಿಗೆ ಭಜನೆ ಕೇಳಿಸುತ್ತಿತ್ತು. ಜನ ಹೊರಗಿನಿಂದಲೇ ಕೈಮುಗಿದು ಹೋಗುತ್ತಿದ್ದರು. ಆ ತಾಳ ಬಡಿದ ಗಂಡಸರನ್ನು ನೆನೆಸಿಕೊಂಡರೆ ನನ್ನ ಹೊಟ್ಟೆಗೆ ಈಗಲೂ ಬೆಂಕಿ ಬೀಳುತ್ತದೆ. ಅವರೆಲ್ಲ ಬೆಳಗಾದರೆ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು, ಕೆಲಸಕ್ಕೆ ಹೋಗುವ ಮರ್ಯಾದಸ್ಥರು.

ಇನ್ನೊಂದು ನಿಯಮವಿತ್ತು. ಹೆಂಗಸರು ಕನ್ನಡ ಬಿಟ್ಟು ಬೇರೆ ಮಾತು ಆಡಕೂಡದು, ಕಲಿಯಕೂಡದು. "ಹೊರಗಿನ ಮಾತು ಬತ್ತಿಗೆ ನೀರು ಇದ್ದಂಗ" ಎಂದು ರಾಮದಾಸ ಹೇಳುತ್ತಿದ್ದ. ಹೊರಗೆ ಅವನದು ಅರಳು ಹುರಿದಂಥ ತೆಲುಗು. ಟಿವಿ ಇಲ್ಲ, ಫೋನಿಲ್ಲ, ಸಂತೆಗೆ ಹೋಗುವಂತಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ಇದನ್ನು ಕನ್ನಡಾಭಿಮಾನವೆಂದು ತಿಳಿದು ಈ ಊರಿನ ನಮ್ಮ ಕನ್ನಡ ಸಂಘದ ಮಹನೀಯರು ಯುಗಾದಿಯ ದಿನ ಅವನಿಗೆ ಶಾಲು ಹೊದಿಸಿದರು! ಎರಡೂ ಭಾಷೆ ಬಲ್ಲ ಎಷ್ಟು ಜನ ಆ ಮನೆಯಲ್ಲಿ ಹೋಳಿಗೆ ಉಂಡು ಎದ್ದು ಬಂದರೋ. ಒಬ್ಬನಾದರೂ ಅಡುಗೆಮನೆಯ ಕಡೆ ತಿರುಗಿ, "ಆರಾಮ ಇದ್ದೀರೇನವಾ?" ಎಂದು ಕೇಳಲಿಲ್ಲ. ಹೀಗೆ ಶಿವದೇವಿ ತೆಲಂಗಾಣದಲ್ಲಿ ವರ್ಷಗಟ್ಟಲೆ ಇದ್ದೂ ಕಲಿತದ್ದು ಒಂದೇ ತೆಲುಗು ಪದ. 'ಬಿಡ್ಡ' ಅಂದರೆ ಮಗು. ಗೋಡೆಯಾಚೆ ದೋಸೆ ಬಂಡಿ ಇಟ್ಟುಕೊಂಡಿದ್ದ ಯಂಕಮ್ಮ ಮೊಮ್ಮಕ್ಕಳನ್ನು ಹಾಗೆ ಕರೆಯುವುದು ಆಕೆಗೆ ಕೇಳಿಸುತ್ತಿತ್ತು.

ಐಶ್ವರ್ಯಾ ದೊಡ್ಡವಳಾದಳು. ಹೈಸ್ಕೂಲಿನಲ್ಲಿರಬೇಕಾದ ವಯಸ್ಸು. ವಿಶ್ವಜಿತ್ ಎಂಬ ಕಂಟ್ರಾಕ್ಟರ್ ಭಕ್ತನೊಬ್ಬ ಇದ್ದ. ದೀಪದ ಮನೆಗೆ ಮಹಡಿ ಕಟ್ಟಿಸಿದವನು. ಆಗಲೇ ಇಬ್ಬರು ಹೆಂಡಂದಿರು, ತಲೆಗೆ ಬಣ್ಣ. ಐಶ್ವರ್ಯಾಳನ್ನು ಅವನಿಗೆ ಕೊಡುವುದೆಂದು ರಾಮದಾಸ ಸಾರಿದ. ಅಮರೇಶಪ್ಪ ಮತ್ತೆ ಕೈಮುಗಿದ. ಹುಡುಗಿ ಮೂಲೆಯಲ್ಲಿ ಕೂತು ಎತ್ತಿದ ದನಿಯಲ್ಲಿ ಅತ್ತಳು. ಶಿವದೇವಿ ಆ ದಿನದಿಂದ ಬೇರೇನನ್ನೂ ಯೋಚಿಸಲಿಲ್ಲ. ತನ್ನ ಬಾಳು ಹಾಳಾಯಿತು, ಆಗಲಿ. ಮಗಳನ್ನು ಮಾತ್ರ ಕೊಡಬಾರದು.

ಆ ಅಳು ಯಂಕಮ್ಮನಿಗೆ ಕೇಳಿಸಿತು. ಹೊತ್ತಲ್ಲದ ಹೊತ್ತಿನ ಭಜನೆಯ ಮೇಲೆ ಆಕೆಗೆ ಮೊದಲೇ ಗುಮಾನಿ. ಆ ಮನೆಯಲ್ಲಿ ಮಗುವಿಗೆ ಹೊಡೆಯುತ್ತಿದ್ದಾರೆಂದು ಪೊಲೀಸರಿಗೆ ಹೇಳಿದಳು. ಮಹಿಳಾ ಎಸ್‌ಐ ಒಬ್ಬಳು ಬಂದಳು. ಒಳ್ಳೆಯವಳೇ. ರಾಮದಾಸನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಶಿವದೇವಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು:

"ಬಿಡ್ಡನು ಕೊಟ್ಟಾರಾ?"

ಶಿವದೇವಿಗೆ ಮೈ ಜುಮ್ಮೆಂದಿತು. ಮಗುವನ್ನು ಕೊಟ್ಟಾರೇನು! ಈ ಪೊಲೀಸಮ್ಮನಿಗೆ ಹೇಗೆ ಗೊತ್ತಾಯಿತು? ದೇವರೇ ಖಾಕಿ ಹಾಕಿಕೊಂಡು ಬಂದಂತಾಯಿತು. ಎರಡೂ ಕೈ ಹಿಡಿದುಕೊಂಡು ಹೇಳಿದಳು, "ಇಲ್ರೀ ಯವ್ವಾ, ಕೊಟ್ಟಿಲ್ರಿ! ಇನ್ನಾ ಕೊಟ್ಟಿಲ್ರಿ!"

ಎಸ್‌ಐ ಇನ್ನೊಮ್ಮೆ ಕೇಳಿದಳು. ಶಿವದೇವಿ ಇನ್ನೂ ಜೋರಾಗಿ ತಲೆ ಅಲ್ಲಾಡಿಸಿದಳು, ಕೊಟ್ಟಿಲ್ಲ, ಕೊಟ್ಟಿಲ್ಲ. ಎಸ್‌ಐ ಆಕೆಯ ಬೆನ್ನು ತಟ್ಟಿ ಎದ್ದು ಹೋದಳು. ಆಕೆ ತಟ್ಟಿದ ಜಾಗದಲ್ಲಿ, ರವಿಕೆಯ ಕೆಳಗೆ, ಹಿಂದಿನ ವಾರದ ಬಾಸುಂಡೆ ಇತ್ತು. ಸಹಾಯ ಬರುತ್ತದೆಂದು ಶಿವದೇವಿ ಬಾಗಿಲು ನೋಡುತ್ತ ಕೂತಳು. ಒಳಗೆ ಬಂದದ್ದು ಬೆಲ್ಟು ಹಿಡಿದ ರಾಮದಾಸ. ಭಜನೆ ಶುರುವಾಯಿತು.

ಆಮೇಲೆ ಬೆನ್ನಿಗೆ ಅರಿಸಿನ ಹಚ್ಚಿದವಳು ಪ್ರಾಜಕ್ತಾ, ಎರಡನೆಯ ಬತ್ತಿ. ಈ ಮನೆಗೆ ಬೀಳುವ ಮೊದಲು ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ಮಾಡಿದ್ದವಳು, ತೆಲುಗು ಬಲ್ಲವಳು. ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು.

"ಪೊಲೀಸಮ್ಮಗ ಏನಂತ ಹೇಳಿದಿ?"

"ಐಶೂನ್ನ ಕೊಟ್ಟಾರೇನು ಅಂತ ಕೇಳಿದ್ಳು. ಇನ್ನಾ ಕೊಟ್ಟಿಲ್ಲ ಅಂದ್ನಿ."

ಪ್ರಾಜಕ್ತಾಳ ಕೈ ನಿಂತಿತು. "ಹುಚ್ಚಿ! ತೆಲುಗಿನ್ಯಾಗ ಕೊಟ್ಟಾರ ಅಂದ್ರ ಹೊಡದಾರ ಅಂತ. ಕೂಸಿಗೆ ಹೊಡದಾರೇನು ಅಂತ ಕೇಳ್ಯಾಳ ಆಕಿ. ನೀ ಹೊಡದಿಲ್ಲ, ಹೊಡದಿಲ್ಲ ಅಂತ ಕಳಿಸಿದಿ."

ಶಿವದೇವಿಗೆ ಮೊದಲು ನಗು ಬಂತಂತೆ. ಬೆನ್ನು ಧಗಧಗ ಉರಿಯುತ್ತಿದೆ, ನಗು ತಡೆಯಲಾಗುತ್ತಿಲ್ಲ. "ಎರಡೂ ಒಂದss ಆತಲ್ಲಕ್ಕ" ಅಂದಳಂತೆ. "ಕೊಡೋದು ಅಂದ್ರೂ ಹೊಡ್ಯೋದss. ಈ ಊರವ್ರು ಸರಿ ಹೇಳ್ತಾರ ನೋಡು." ಈ ಮಾತನ್ನು ನನಗೆ ಹೇಳುವಾಗಲೂ ಆಕೆ ನಕ್ಕಳು. ನಾನು ನಗಲಿಲ್ಲ.

ಕೊಡುವ ದಿನ ಬಂತು. ಅಂದು ಬೆಳಿಗ್ಗೆ ಹೂವಿನವರು, ಪೆಂಡಾಲಿನವರು ಓಡಾಡುತ್ತಿದ್ದುದರಿಂದ ಗೇಟು ತೆರೆದಿತ್ತು. ದೀಪದ ಮನೆಯ ಪದ್ಧತಿಯಂತೆ ಹುಡುಗಿಯ ತಾಯಿ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತು, "ಕೊಟ್ಟೆ" ಎಂದು ಕೂಗಿ ಹೇಳಬೇಕು. ಬೀದಿಗೆ ಕೇಳಿಸದ ದಾನ ದೀಪಕ್ಕೆ ಮುಟ್ಟುವುದಿಲ್ಲವಂತೆ. ಹಾಗೆಂದು ಕನಸಿನಲ್ಲಿ ಅಪ್ಪಣೆ ಆಗಿತ್ತು. ಆ ಒಂದು ಅಪ್ಪಣೆಗೆ ನಾನೂ ಕೈಮುಗಿಯುತ್ತೇನೆ.

ಶಿವದೇವಿ ಎಡಗೈಯಲ್ಲಿ ಮಗಳ ಕೈ ಹಿಡಿದು ಹೊಸ್ತಿಲ ಮೇಲೆ ನಿಂತಳು. ಹಿಂದೆ ರಾಮದಾಸ, ಅಮರೇಶಪ್ಪ, ಹೊಸ ಪಂಚೆ ಉಟ್ಟ ವಿಶ್ವಜಿತ್.

"ಕೊಟ್ಟಾರ!" ಎಂದಳು ಶಿವದೇವಿ.

ರಾಮದಾಸ ತಿದ್ದಿದ. "ಕೊಟ್ಟಾರ ಅಲ್ಲ. ಕೊಟ್ಟೆ ಅನ್ನು. ಜೋರಾಗಿ ಅನ್ನು, ಬೀದಿಗೆ ಕೇಳಬೇಕು."

ಜೋರಾಗಿಯೇ ಅಂದಳು. ಹೊಟ್ಟೆಯೊಳಗಿದ್ದ ವರ್ಷಗಳನ್ನೆಲ್ಲ ಗಂಟಲಿಗೆ ತಂದು ಕೂಗಿದಳು. "ಕೊಟ್ಟಾರ! ಬಿಡ್ಡನು ಕೊಟ್ಟಾರ! ಯಂಕಮ್ಮಾ, ಬಿಡ್ಡನು ಕೊಟ್ಟಾರ!"

ಒಳಗಿದ್ದವರಿಗೆ ಅದು ಕನ್ನಡ; 'ಬಿಡ್ಡ' ಅನ್ನುವ ಒಂದು ಪದ ಗೋಡೆಯಾಚೆಯಿಂದ ಅವರ ಕಿವಿಗೂ ಬಿದ್ದು ಹಳತಾಗಿತ್ತು. ಮಗುವನ್ನು ಕೊಟ್ಟಿದ್ದಾರೆ, ಸರಿಯೇ ಇದೆ, ಮಂಗಳಕರವಾಗಿಯೇ ಇದೆ. ರೂಢಿಯಂತೆ ತಾಳ ಎತ್ತಿಕೊಂಡು ಭಜನೆ ಶುರು ಮಾಡಿದರು. ರಾಮದಾಸ ತೆಲುಗು ಬಲ್ಲವನೇ, ಆದರೆ ತಾನು ಬೆಲ್ಟಿನಲ್ಲಿ ಹದ ಮಾಡಿದ ಹೆಂಗಸಿನ ಬಾಯಲ್ಲಿ ತೆಲುಗು ಇರಬಹುದೆಂದು ಆ ಅಹಂಕಾರಿಗೆ ಹೊಳೆಯಲಿಲ್ಲ. ಗೋಡೆಯಾಚೆ ಮಾತ್ರ ಅದು ಅಪ್ಪಟ ತೆಲುಗು. ಮಗುವನ್ನು ಹೊಡೆದರು! ಮೇಲೆ ಆ ಭಜನೆ ಬೇರೆ. ಯಂಕಮ್ಮ ದೋಸೆಯನ್ನು ಕಾವಲಿಯ ಮೇಲೆ ಸೀಯಲು ಬಿಟ್ಟು, ಸಟ್ಟುಗ ಹಿಡಿದೇ ಓಡಿ ಬಂದಳು. ಆಕೆಯ ಹಿಂದೆ ದೋಸೆ ತಿನ್ನುತ್ತಿದ್ದ ಆಟೋದವರು, ನಳದ ಹತ್ತಿರ ನಿಂತಿದ್ದ ಹೆಂಗಸರು, ಬೀದಿಗೆ ಬೀದಿಯೇ ತೆರೆದ ಗೇಟಿನಲ್ಲಿ ನುಗ್ಗಿತು.

ಅಮರೇಶಪ್ಪ ಮಗಳ ಇನ್ನೊಂದು ಕೈ ಹಿಡಿದು ಎಳೆದ. ಯಂಕಮ್ಮನ ಬಿಸಿ ಸಟ್ಟುಗ ಅವನ ಮಣಿಕಟ್ಟಿನ ಮೇಲೆ ಬಿತ್ತು. ಬಿಟ್ಟ. ಐಶ್ವರ್ಯಾ ತಾಯಿಯ ಜೊತೆ ಹೊಸ್ತಿಲು ದಾಟಿದಳು.

ಠಾಣೆಯಲ್ಲಿ ಕನ್ನಡ ಬಲ್ಲವರು ಬೇಕೆಂದು ಯಾರೋ ನನ್ನನ್ನು ಕರೆದುಕೊಂಡು ಹೋದರು. ನಾನು ಶಿವದೇವಿಯನ್ನು ಮೊದಲ ಸಲ ನೋಡಿದ್ದು ಅಲ್ಲೇ. ಮುಂದೆ ಕೂತಿದ್ದವಳು ಅದೇ ಎಸ್‌ಐ. ಹಿಂದಿನ ಸಲದ 'ಕೊಟ್ಟಿಲ್ಲ'ದ ಅರ್ಥವನ್ನು ನಾನು ಬಿಡಿಸಿ ಹೇಳಿದಾಗ ಆಕೆ ಎದ್ದು ಹೋಗಿ ರಾಮದಾಸನನ್ನೂ ವಿಶ್ವಜಿತ್‌ನನ್ನೂ ತಾನೇ ಒಳಗೆ ಹಾಕಿದಳು.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ರಾಮದಾಸ ಜಾಮೀನಿನ ಮೇಲೆ ಹೊರಗಿದ್ದಾನೆ. ದೀಪದ ಮನೆಯಲ್ಲಿ ಈಗಲೂ ದೀಪ ಹಚ್ಚುತ್ತಾರೆ. ಪ್ರಾಜಕ್ತಾ ಬರಲಿಲ್ಲ, ಆಕೆಯ ಮಕ್ಕಳು ಅಲ್ಲಿದ್ದಾರೆ. ಶಾಲು ಹೊದಿಸಿದ ಮಹನೀಯರು, "ಮನಿ ವಿಷಯ ಬೀದಿಗೆ ತರಬಾರದಿತ್ತು" ಎಂದು ನನ್ನೆದುರೇ ಅಂದರು. ಅವರ ಮುಖಕ್ಕೆ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಶಿವದೇವಿ ಈಗ ನನ್ನ ಅಂಗಡಿಯಲ್ಲಿ ಫಾಲ್ ಹಚ್ಚುತ್ತಾಳೆ. ಐಶ್ವರ್ಯಾ ತನಗಿಂತ ಚಿಕ್ಕವರ ಜೊತೆ ಶಾಲೆಯಲ್ಲಿ ಕೂರುತ್ತಾಳೆ, ಸಂಜೆ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಓದುತ್ತಾಳೆ.

ಹೋದ ವಾರ ಅಮರೇಶಪ್ಪ ಅಲ್ಲಿಗೇ ಬಂದ. ತುಂಬಿದ ಅಂಗಡಿ. ಗಿರಾಕಿಗಳ ನಡುವೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ, "ಆಗಿದ್ದು ಆತು ಶಿವದೇವಿ. ಕೇಸ್ ವಾಪಸ್ ತಗೋ. ನನ್ನ ಮಗಳನ್ನ ನನಗ ಕೊಡು."

ನಾನು ಎದ್ದೆ. ಶಿವದೇವಿ ಕೈಯಲ್ಲೇ ನನ್ನನ್ನು ತಡೆದಳು. ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚಿದಳು. ಬಟ್ಟೆ ಅಳೆಯುವ ಕಬ್ಬಿಣದ ಗಜಕೋಲನ್ನು ಕೈಗೆತ್ತಿಕೊಂಡು, ಹೊಸ್ತಿಲ ತನಕ ಬಂದು ನಿಂತಳು.

"ಯಾವ ಭಾಷಾದಾಗ ಕೇಳಾಕತ್ತೀರಿ?" ಅಂದಳು. "ಕನ್ನಡದಾಗ ಆದ್ರ ಕೊಡಂಗಿಲ್ಲ. ತೆಲುಗಿನ್ಯಾಗ ಆದ್ರ ಬರ್ರಿ, ಈಗss ಕೊಡ್ತೀನಿ."