ಕಾಕಾನ ಕೆಂಪು ಮೀನು

ಸತ್ತವರ ಧ್ವನಿ ಕೇಳಿಸಿತು ಎನ್ನುವವರನ್ನು ನಾನು ನಂಬಿದವಳಲ್ಲ. ಭಂಡಾರಕವಠೆಯ ತವರುಮನೆಯಲ್ಲಿ ಹೆಂಗಸರು ಅಂಥ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದಲ್ಲಿ ನನಗೇ ಆದದ್ದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳದಿರಲು ಅದೇ ಕಾರಣ. ನೀವು ನಂಬಲೇಬೇಕು ಎಂದು ಈಗಲೂ ಹೇಳಲಾರೆ.

ಮದುವೆಯಾಗಿ ಬಂದ ಮನೆಯಲ್ಲಿ ನಾನೊಬ್ಬಳೇ ಹೆಂಗಸು. ಮಾವ, ನಮ್ಮವರು ಬೆಳಿಗ್ಗೆ ಬಟ್ಟೆ ಅಂಗಡಿಗೆ ಹೋದರೆ ದೀಪ ಹಚ್ಚಿದ ಮೇಲೇ ಬರುವುದು. ನನ್ನ ಹಳ್ಳಿ ಮರಾಠಿ ಕೇಳಿ ನೆರೆಯವರು ನಗುತ್ತಿದ್ದರು. ನಾನು ಬಾಗಿಲಿಗೆ ಹೋಗುವುದನ್ನೇ ಬಿಟ್ಟಿದ್ದೆ. ಮಾತಿಗೆ ಇದ್ದವರು ಮಾವನ ತಮ್ಮ, ಕಾಕಾ. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸೊಸೆಯೆಂದು ನನ್ನನ್ನು ಮರಾಠಿಯಲ್ಲಿ ಸೂನಬಾಯಿ ಎಂದೇ ಕರೆಯುತ್ತಿದ್ದರು.

ಅಂಗಡಿಯ ಮಾಲಿಗೆಂದು ಮುಂಬಯಿಗೆ ಹೋದಾಗ ಅವರು ಒಂದು ಜೋಡಿ ಸಮುದ್ರದ ಮೀನು ತಂದಿದ್ದರು. ಹವಳದ ಬಂಡೆಗಳ ಸಂದಿಯಲ್ಲಿರುವ ಜಾತಿ. ಬೆರಳುದ್ದ, ಕೆಂಪು ಮೈ, ಮೈಗೆ ಮೀರಿದ ಕಣ್ಣು. ಅವಕ್ಕಾಗಿ ರೈಲಿನಲ್ಲಿ ಡಬ್ಬಿಗಟ್ಟಲೆ ಸಮುದ್ರದ ನೀರು ತರುತ್ತಿದ್ದರು. ನಮ್ಮದು ಮೀನು ಮುಟ್ಟದ ಮನೆ. ಮಾವ ಗೊಣಗಿದರೂ ಕಾಕಾ ಗಾಜಿನ ತೊಟ್ಟಿಯನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು.

ಒಂದು ದಿನ ನನ್ನನ್ನು ಕರೆದು ತೋರಿಸಿದರು. ಒಂದು ಮೀನಿನ ಗಲ್ಲ ಉಬ್ಬಿತ್ತು.

"ನೋಡ ಸೂನಬಾಯಿ, ಇಂವ ಅಪ್ಪ. ತತ್ತಿ ಎಲ್ಲಾ ಬಾಯಾಗ ಇಟ್ಕೊಂಡಾನ. ಮರಿ ಹೊರಗ ಬರೂತನಕ ಏನೂ ತಿನ್ನಂಗಿಲ್ಲ."

"ಹಸಿವಾಗಂಗಿಲ್ಲೇನ್ರಿ ಕಾಕಾ?"

"ಆಗತೈತಿ. ತಡ್ಕೊಂತಾನ."

ಆ ಸಲ ಮರಿ ಬರಲಿಲ್ಲ. ಬಾಯಿ ಸುಮ್ಮನೆ ಖಾಲಿಯಾಯಿತು. ಅಂದು ಕಾಕಾನೂ ಊಟಕ್ಕೆ ಏಳಲಿಲ್ಲ.

ಮುಂದೆ ಹೆಣ್ಣು ಮೀನು ಸತ್ತಿತು. ಅದಾಗಿ ಕೆಲವು ದಿನಕ್ಕೆ, ಅಕ್ಕಲಕೋಟೆಗೆ ದರ್ಶನಕ್ಕೆ ಹೋದ ಕಾಕಾ ಅಲ್ಲೇ ಎದೆನೋವು ಬಂದು ತೀರಿಕೊಂಡರು. ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದರು ಮಾವ. ನಾನು ಬೇಡವೆಂದೆ. ಆ ಮನೆಯಲ್ಲಿ ನಾನು ಬೇಡವೆಂದ ಮೊದಲ ಮಾತು ಅದು.

ತಿಂಗಳಾದ ಮೇಲೆ ಕಾಕಾನ ಹೆಸರಿನಲ್ಲಿ ಊಟ ಹಾಕಿಸಲು ಮಾವ, ನಮ್ಮವರು ಅಕ್ಕಲಕೋಟೆಗೆ ಹೋದ ದಿನ ನಾನು ಹೊರಗಾಗಿದ್ದೆ. ಹಾಗಾಗಿ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಕಾಕಾನ ಕೋಣೆಗೆ ಹೋಗಿ ಕೂತೆ. ಕೆಲವು ದಿನದಿಂದ ಮೀನು ಹಾಕಿದ್ದನ್ನು ತಿನ್ನುತ್ತಿರಲಿಲ್ಲ, ಗಲ್ಲ ಊದಿತ್ತು. ರೋಗ ಬಂದಿದೆ, ಇದೂ ಹೋಗುತ್ತದೆ ಎಂದುಕೊಂಡೆ. ಕಿಟಕಿಯಿಂದ ಬಿಸಿಲು ನೇರವಾಗಿ ತೊಟ್ಟಿಯ ಮೇಲೆ ಬಿದ್ದಿತ್ತು.

"ಪಡದಾ ಎಳಿ ಸೂನಬಾಯಿ. ಬೆಳಕಿಗೆ ಅಂಜಾಕತ್ತಾನ."

ಕಾಕಾನ ಧ್ವನಿ. ಬೆನ್ನ ಹಿಂದೆ, ಅವರ ಮಂಚದ ಕಡೆಯಿಂದ. ನಾನು ತಿರುಗಿಯೂ ನೋಡದೆ "ಹೂಂ ರೀ" ಎಂದು ಎದ್ದು ಕಿಟಕಿಯ ಪಡದಾ ಎಳೆದೆ. ಎಳೆದ ಮೇಲೆಯೇ ತಿರುಗಿದ್ದು. ಮಂಚ ಖಾಲಿ ಇತ್ತು.

ಆದರೂ ಭಯವಾಗಲಿಲ್ಲ. ಕತ್ತಲಲ್ಲಿ ಮತ್ತೆ ತೊಟ್ಟಿಯ ಮುಂದೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಪಡದಾದ ಅಂಚು ಸರಿಸಿ ನೋಡಿದರೆ ನೀರಿನ ತುಂಬ ಸಾಸಿವೆಯಷ್ಟೂ ಇಲ್ಲದ ಮರಿಗಳು. ಮೈ ಕಾಣದು, ಬರೀ ಕಣ್ಣು. ಅಪ್ಪನ ಗಲ್ಲ ಇಳಿದಿತ್ತು. ಅದಕ್ಕೆ ದಿನವೂ ಹಾಕುವ ಸೊಳ್ಳೆಮರಿ ಹಾಕಿದೆ, ಗಬಗಬನೆ ತಿಂದಿತು. ನಾನು ಅತ್ತೆ.

ಸಂಜೆ ನಮ್ಮವರು ಬಂದಾಗ ಕೈಹಿಡಿದು ಕರೆತಂದೆ. ಅವರು ಬಗ್ಗಿ ನೋಡಿದರು.

"ಎಲ್ಲಿ ಮರಿ? ಬರೇ ನೀರೈತಿ. ಮಂಪರ ಹತ್ತಿರಬೇಕು ನಿನಗ."

ನಿಜ, ಒಂದೂ ಇರಲಿಲ್ಲ. ಧ್ವನಿಯ ಮಾತನ್ನು ನಾನು ಎತ್ತಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ಪ್ರಾಣಿಶಾಸ್ತ್ರ ಕಲಿಸುವ ಒಬ್ಬರನ್ನು ಕೇಳಿದೆ. ಅಪ್ಪ ಮೀನು ಮರಿಗಳನ್ನೇ ತಿಂದಿರಬಹುದು, ಅದು ಇರುವುದೇ ಎಂದರು. ಆದರೆ ಹೆಣ್ಣು ಸತ್ತು ತಿಂಗಳು ಮೀರಿದ್ದರೆ ತತ್ತಿ ಎಲ್ಲಿಂದ ಬಂತು? ಬಾಯಿಯ ತತ್ತಿ ಅಷ್ಟು ದಿನ ಉಳಿಯುವುದೇ ಇಲ್ಲವಂತೆ. "ನೀವು ಲೆಕ್ಕ ತಪ್ಪಿರಬೇಕು" ಎಂದರು. ಇರಬಹುದು. ನಿದ್ದೆಯೇ ಬಂದಿತ್ತೆಂದರೆ ಅದನ್ನೂ ಒಪ್ಪುತ್ತೇನೆ. ಹಾಗೆ ಒಪ್ಪಿದರೂ ಪಡದಾ ಎಳೆದ ನೆನಪು ಕೈಯಲ್ಲಿ ಹಾಗೇ ಇದೆ.

ಮರಿ ಕಂಡ ಮರುದಿನ ಮಧ್ಯಾಹ್ನ ಪಡದಾ ಬೇಕೆಂದೇ ತೆರೆದಿಟ್ಟು ಕೂತಿದ್ದೆ. ಬಿಸಿಲು ತೊಟ್ಟಿಯನ್ನು ಹಾದು ಗೋಡೆಗೆ ಹೋಯಿತು, ಗೋಡೆಯಿಂದಲೂ ಇಳಿಯಿತು. ಪಡದಾ ಎಳಿ ಎಂದು ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ನನಗೆ ಹೆದರಿಕೆಯಾದದ್ದು ಆಗ.