ಕರಗಿದ ಹುಲ್ಲಿನ ಮೇಲೆ ಮಾವನ ವ್ಯಾನು

ಶೇಖರಣ್ಣ, ಈ ಪರದೇಶದಲ್ಲಿ ಕನ್ನಡದವರ ಆ ಸಂಕ್ರಾಂತಿ ಊಟದ ದಿನ ಎಜ್‌ವೇರ್ ಮೈದಾನಕ್ಕೆ ಮಾವನ ಹೋಟೆಲಿನ ವ್ಯಾನು ನುಗ್ಗಿಸಿದವಳು ನಾನು. ಅದರ ಡ್ರೈವರ್ ಆಗಿದ್ದ ನೀವಲ್ಲ. ಆರು ವರ್ಷ ಇದನ್ನು ನುಂಗಿಕೊಂಡು ಕೂತೆ.

ಬೆಳಿಗ್ಗೆ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಸಾಂಬಾರಿನ ಕೊಳಗಗಳನ್ನು ರಸ್ತೆಯಿಂದ ಹೊರುವವರು ಯಾರು ಅಂತ, ನೀವು ಊಟದ ಡೇರೆಯೊಳಗೆ ಒಲೆ ಹಚ್ಚುತ್ತಿದ್ದಾಗ ಕೀಲಿ ಎತ್ತಿಕೊಂಡು ಹುಲ್ಲಿನ ಮೇಲೇ ಹೊಡೆದುಕೊಂಡು ಬಂದೆ. ಟಯರಿನ ಗುರುತೂ ಬೀಳಲಿಲ್ಲ. ಎಷ್ಟು ಬೀಗಿದೆ ನಾನು! ಮಧ್ಯಾಹ್ನ ಬಿಸಿಲು ಬಿತ್ತು, ಮೈದಾನದ ಕಾವಲುಗಾರ ವ್ಯಾನು ತೆಗೆಯಿರಿ ಎಂದ— ಅಕ್ಸಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರಗಳು ಅಲ್ಲೇ ಗಿರಗಿರ ತಿರುಗಿ ಕೆಸರು ತೋಡಿದವು.

"ಹೋಯ್, ಒತ್ತೂಕಾಗ ಮಾರಾಯ್ತಿ!" ಎಂದು ಅಕ್ಸಲರೇಟರ್ ಬಿಡಿಸಲು ನೀವು ಓಡಿ ಬಂದಿರಿ. ಬೈಯಲಿಲ್ಲ. ಕೆಸರಿಗೆ ಬೆರಳು ಚುಚ್ಚಿ ತೋರಿಸಿದಿರಿ. "ಕಾಣ್, ಮೇಲ್ ಕರ್ಗಿತ್. ಅಡಿಗ್ ಇನ್ನೂ ಕಲ್ಲೇ. ನೀರ್ ಎಲ್ಲಿಗ್ ಇಳಿಯುದ್?" ನಾನೂ ಬೆರಳಿಟ್ಟೆ— ಎರಡಂಗುಲ ಅಂಬಲಿಯಂಥ ಮಣ್ಣು, ಅದರಡಿ ಕೊರೆಯುವ ಗಟ್ಟಿ ನೆಲ. ಅಬ್ಬಾ, ಕಾಲಡಿಯಲ್ಲೇ ಹೀಗೊಂದು ನಡೆದಿತ್ತು, ನನಗೆ ಗೊತ್ತೇ ಇರಲಿಲ್ಲ.

ಟಯರಿನ ಗಾಳಿ ಸ್ವಲ್ಪ ಬಿಟ್ಟಿರಿ, ಅಗಲವಾಗಿ ನೆಲ ಹಿಡಿಯಲಿ ಅಂತ. ಖಾಲಿ ಗಾಡಿಗೆ ನೆಲ ಒತ್ತುವ ಭಾರವಿಲ್ಲವಲ್ಲ— ಇನ್ನೂ ಬಡಿಸದ, ತುಂಬಿದ ಕೊಳಗಗಳನ್ನು ಮತ್ತೆ ವ್ಯಾನಿನೊಳಗೆ, ಹಿಂಚಕ್ರಗಳ ನೇರ ಮೇಲಕ್ಕೆ ಹೇರಿಸಿದಿರಿ. ಚಕ್ರದ ಮುಂದೆ ಖಾಲಿ ಅಕ್ಕಿಚೀಲ ಹಾಸಿ, ನೀವೇ ಹತ್ತಿ ಕೂತು, ಎರಡನೇ ಗೇರಿನಲ್ಲಿ ಕ್ಲಚ್ಚನ್ನು ಬಿಟ್ಟಿರಿ, ಮೆಲ್ಲಗೆ, ಮೆಲ್ಲಗೆ... ಅಷ್ಟು ದೊಡ್ಡ ವ್ಯಾನು ಒಂದು ಸಲವೂ ಜಾರದೆ ಎದ್ದು ಬಂತು! ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಕ್ಯಾನರಿ ವಾರ್ಫಿನ ಆಫೀಸಿನಲ್ಲಿ ದಿನವಿಡೀ ಬುದ್ಧಿವಂತರ ನಡುವೆ ಕೂರುತ್ತೇನೆ, ಅಂಥ ಬುದ್ಧಿ ಇಂದಿಗೂ ಕಂಡಿಲ್ಲ.

ಅಷ್ಟರಲ್ಲಿ ಮಾವ ಬಂದರು. ಕನ್ನಡದವರಿಗೆ ಇನ್ನು ಮೈದಾನ ಕೊಡುವುದಿಲ್ಲ ಎಂದು ಕಾವಲುಗಾರ ಅವರ ಮುಖಕ್ಕೇ ಹೇಳಿದ್ದ. "ಇಲ್ಲಿಗ್ ಗಾಡಿ ತಂದದ್ ಯಾರ್?" ಎಂದು ಮಾವ ಕೇಳಿದರು.

ನೀವು ನನ್ನ ಕಡೆ ನೋಡಿದಿರಿ. ನಾನೇ ಹೇಳಲಿ ಅಂತ ಕಾದಿರಿ.

"ಶೇಖರಣ್ಣ," ಎಂದೆ.

ನೀವು ಅಲ್ಲವೆನ್ನಲಿಲ್ಲ. ಮರುದಿನ ಮಾವ ಕೀಲಿ ಕಿತ್ತುಕೊಂಡು ನಿಮ್ಮನ್ನು ಪಾತ್ರೆ ತೊಳೆಯಲು ನಿಲ್ಲಿಸಿದರು. ಹೆದರಿ ಸುಳ್ಳಾಡಿದೆ ಎನ್ನಲಾರೆ. ನನಗೆ ಏನಾಗುತ್ತಿತ್ತು— ಎರಡು ಬೈಗುಳ, ಅಷ್ಟೆ. ಅದನ್ನು ತಪ್ಪಿಸಿಕೊಳ್ಳಲು ನಿಮ್ಮ ಕೆಲಸ ಕಳೆದೆ.

ಇವತ್ತು ಮಾವನ ಮುಂದೆ ಕೂತು ಎಲ್ಲ ಹೇಳಿದೆ. "ಗಾಡಿ ವಾಪಸ್ ಕೊಡಿ ಅಂದ್ ಅವ ಪ್ರತಿ ವರ್ಷ ಕೇಂತಿದ್ದ," ಎಂದರು ಅವರು. "ನಿನ್ ಹೆಸ್ರ್ ಮಾತ್ರ ಒಂದ್ ಸಲವೂ ಎತ್ಲಿಲ್ಲ."

ನಾಳೆ ಹೋಟೆಲಿನ ಅಡುಗೆಮನೆಗೆ ಬಂದು ಎಲ್ಲರೆದುರು ನಾನೇ ಹೇಳುತ್ತೇನೆ. ಕ್ಷಮಿಸಿ ಅಂತ ಮಾತ್ರ ಕೇಳುವುದಿಲ್ಲ, ಶೇಖರಣ್ಣ. ಆ ಹಕ್ಕು ನನಗಿಲ್ಲ.